ಚಿಕ್ಕ ಕ್ಯಾಮೆರಾದ ಚಹರೆ ಯಾರ ಕೆತ್ತನೆ?

ಜೇಬಿನಿಂದ ಹೊರಬಂದ ಕಪ್ಪು ಲೋಹದ ಪುಟ್ಟ ಪೆಟ್ಟಿಗೆಯೊಂದು ಬಲಗೈಯಲ್ಲಿ ಕೂತಿದೆ. ಉದ್ದ ಹನ್ನೊಂದು ಸೆಂಟಿಮೀಟರಿಗೂ ತುಸು ಕಡಿಮೆ, ತೂಕ ಕಾಲು ಕಿಲೋ ಆಸುಪಾಸು. ಮುಂಭಾಗದಲ್ಲಿ ಒಂದು ಉಂಗುರ, ಒಂದು ಸಣ್ಣ ಉಬ್ಬು, ಎರಡು ಅಕ್ಷರ, ಅಷ್ಟೇ. ತೋರುಬೆರಳು ಮೇಲಿನ ಗುಂಡಿ ಒತ್ತಿದ್ದೇ ತಡ, ಉಂಗುರದೊಳಗಿಂದ ಲೆನ್ಸ್ ಸರಕ್ಕನೆ ಹೊರಚಾಚಿ ನಿಲ್ಲುತ್ತದೆ. ಅಷ್ಟರಲ್ಲಿ ಬೆರಳು ಶಟರ್ ಬಟನ್ ಮೇಲೆ ಬಂದಿದೆ, ಹೆಬ್ಬೆರಳು ಹಿಂಬದಿಯ ಮೂಲೆಯಲ್ಲಿ ಆಸರೆ ಕಂಡುಕೊಂಡಿದೆ, ಉಳಿದ ಬೆರಳುಗಳು ಮುಂದಿನ ಉಬ್ಬನ್ನು ಸುತ್ತಿಕೊಂಡಿವೆ. ಎಡಗೈಗೆ ಕೆಲಸವೇ ಇಲ್ಲ. ಎದುರಿನ ಬೀದಿಯಲ್ಲಿ ಅರಳಿದ ನಗೆಯೊಂದು ಮಾಸುವ ಮೊದಲೇ ಚಿತ್ರ ದಾಖಲಾಗಿದೆ. ಜಪಾನಿನ ರಿಕೋ ಕಂಪನಿಯ ಜಿಆರ್ 3 ಕ್ಯಾಮೆರಾ ಕೈಗೆ ಬಂದಾಗ ಕೈ ನಡೆದುಕೊಳ್ಳುವ ರೀತಿ ಇದು.

ಜೇಬಿಗೆ ಹಿಡಿಯುವಷ್ಟು ಚಿಕ್ಕದಾಗಿದ್ದೂ ದೊಡ್ಡ ಕ್ಯಾಮೆರಾಗಳಿಗೆ ಸರಿಸಾಟಿಯಾದ ಚಿತ್ರ ಕೊಡುವ ಇಂಥ ಯಂತ್ರಗಳನ್ನು ಉನ್ನತ ಸಾಮರ್ಥ್ಯದ ಕಾಂಪ್ಯಾಕ್ಟ್ ಕ್ಯಾಮೆರಾ ಎನ್ನುತ್ತಾರೆ. ಅವುಗಳ ಅಂದ ಕಂಡವರು ಸಹಜವಾಗಿ ಒಂದು ಊಹೆಗೆ ಬರುತ್ತಾರೆ: ಎಂಜಿನಿಯರುಗಳು ಒಳಗಿನ ಯಂತ್ರ ಕಟ್ಟಿ ಮುಗಿಸಿದ ಮೇಲೆ ವಿನ್ಯಾಸಕಾರರು ಬಂದು ಅದಕ್ಕೊಂದು ಚೆಂದದ ಹೊದಿಕೆ ತೊಡಿಸಿರಬೇಕು. ಈ ಊಹೆ ತಪ್ಪು ಎಂಬುದೇ ಈ ಲೇಖನದ ವಾದ. ಗಾಜು, ಸೆನ್ಸರ್, ಬ್ಯಾಟರಿ, ಬಿಸಿ, ಬೆರಳು, ಜೇಬು ಇವೆಲ್ಲ ಒಂದೇ ಜಾಗಕ್ಕಾಗಿ ಪೈಪೋಟಿಗೆ ಇಳಿದಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ತೀರ್ಮಾನಿಸುವುದೇ ಇಲ್ಲಿ ವಿನ್ಯಾಸ. ಚಿಕ್ಕ ಕ್ಯಾಮೆರಾದ ಚಹರೆಯಲ್ಲಿ ನಮಗೆ ಕಾಣುವುದು ಆ ತೀರ್ಮಾನಗಳ ಗುರುತು.

ಗಾಜಿನ ಲೆಕ್ಕ

ಮೊದಲ ಪೈಪೋಟಿ ಬೆಳಕಿನದು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಕೂತು ಬೆಳಕನ್ನು ಹಿಡಿಯುವ ಬಿಲ್ಲೆಯೇ ಸೆನ್ಸರ್. ಅದು ದೊಡ್ಡದಾದಷ್ಟೂ ಹೆಚ್ಚು ಬೆಳಕು ದಕ್ಕುತ್ತದೆ, ಕತ್ತಲಲ್ಲೂ ಚಿತ್ರ ಶುಭ್ರವಾಗಿ ಬರುತ್ತದೆ. ಹಿಂದೆ ಎಲ್ಲೆಡೆ ಮಾರಾಟವಾಗುತ್ತಿದ್ದ ಸಾಮಾನ್ಯ ಪುಟ್ಟ ಕ್ಯಾಮೆರಾಗಳ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರವಿರುತ್ತಿತ್ತು. 2012ರಲ್ಲಿ ಸೋನಿ ತಂದ ಆರ್‌ಎಕ್ಸ್100 ಕ್ಯಾಮೆರಾದ ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರದ್ದು, ಅಂದರೆ ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಎಪಿಎಸ್-ಸಿ ಎಂದು ಕರೆಯುವ, ಜಿಆರ್ 3ರಲ್ಲಿರುವ ಸೆನ್ಸರ್ ಅದಕ್ಕಿಂತಲೂ ಮೂರು ಪಟ್ಟು ದೊಡ್ಡದು. ಹಳೆಯ 35 ಮಿ.ಮೀ. ಫಿಲ್ಮಿನ ಅಳತೆಯ ಪೂರ್ಣ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. ಸೆನ್ಸರ್ ಕೇವಲ ತೆಳುವಾದ ಬಿಲ್ಲೆ, ಅದನ್ನು ದೊಡ್ಡದು ಮಾಡಿದರೆ ಕ್ಯಾಮೆರಾ ಅಷ್ಟೇನೂ ಉಬ್ಬದು ಎನಿಸಬಹುದು. ತೊಡಕು ಇರುವುದು ಅದರ ಮುಂದಿನ ಗಾಜಿನಲ್ಲಿ. ದೊಡ್ಡ ಸೆನ್ಸರಿನ ಮೂಲೆಮೂಲೆಗೂ ಬೆಳಕು ತಲುಪಿಸಲು ಲೆನ್ಸ್ ದೊಡ್ಡದಾಗಲೇಬೇಕು.

ಎಷ್ಟು ದೊಡ್ಡದು ಎಂಬುದನ್ನು ಸರಳ ಭಾಗಾಕಾರವೊಂದು ಹೇಳುತ್ತದೆ. ಲೆನ್ಸಿನ ಸಂಗಮ ದೂರವನ್ನು ಅದರ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ, ಅಂದರೆ ಅಪರ್ಚರಿನ, ವ್ಯಾಸ ಸಿಗುತ್ತದೆ. ಜಿಆರ್ 3ರ ಲೆನ್ಸ್ 18.3 ಮಿ.ಮೀ., ಎಫ್/2.8, ಕಿಂಡಿಯ ವ್ಯಾಸ ಸುಮಾರು ಆರೂವರೆ ಮಿ.ಮೀ. ಫ್ಯೂಜಿಫಿಲ್ಮ್ 2011ರಲ್ಲಿ ಮಾರುಕಟ್ಟೆಗೆ ತಂದ ಎಕ್ಸ್100ರ ಲೆನ್ಸ್ 23 ಮಿ.ಮೀ., ಎಫ್/2, ವ್ಯಾಸ ಹನ್ನೊಂದೂವರೆ ಮಿ.ಮೀ. ಪೂರ್ಣ ಸೆನ್ಸರಿನ ಸೋನಿ ಆರ್‌ಎಕ್ಸ್1ರ ಲೆನ್ಸ್ 35 ಮಿ.ಮೀ., ಎಫ್/2, ವ್ಯಾಸ ಹದಿನೇಳೂವರೆ ಮಿ.ಮೀ. ಈಗ ಇದೇ ಕ್ರಮದಲ್ಲಿ ಮೂರೂ ಕ್ಯಾಮೆರಾಗಳ ದಪ್ಪ ನೋಡಿ: ಸುಮಾರು 33, 54, 70 ಮಿ.ಮೀ. ಮೊದಲನೆಯದು ಪ್ಯಾಂಟಿನ ಜೇಬಿಗೆ ಇಳಿಯುತ್ತದೆ, ಎರಡನೆಯದಕ್ಕೆ ಕೋಟಿನ ಜೇಬು ಬೇಕು, ಮೂರನೆಯದು ಕೊರಳಲ್ಲೇ ತೂಗಬೇಕು. ಮುಂಭಾಗದಲ್ಲಿ ಲೆನ್ಸ್ ಎಷ್ಟು ಎದ್ದು ನಿಂತಿದೆ ಎಂಬುದು, ಅಂದರೆ ಕ್ಯಾಮೆರಾದ ಮೂಗು ಎಷ್ಟು ಚೂಪು ಎಂಬುದು, ಯಾರ ಅಭಿರುಚಿಗೂ ಬಿಟ್ಟ ವಿಷಯವಲ್ಲ. ಎಷ್ಟು ಬೆಳಕು ಬೇಕು ಎಂದು ನಿರ್ಧರಿಸಿದ ದಿನವೇ ಅದು ಬಹುಪಾಲು ನಿರ್ಧಾರವಾಗಿರುತ್ತದೆ.

ಹಾಗೆಂದು ಗಾಜಿನ ಮುಂದೆ ವಿನ್ಯಾಸ ಸುಮ್ಮನೆ ಕೈಚೆಲ್ಲಿದ್ದಿಲ್ಲ. 2002ರ ಮಿನೋಲ್ಟಾ ಡಿಮಾಜ್ ಎಕ್ಸ್‌ನಲ್ಲಿ ಬೆಳಕನ್ನು ಪಟ್ಟಕವೊಂದರಿಂದ ಲಂಬಕೋನದಲ್ಲಿ ತಿರುಗಿಸಿ, ಇಡೀ ಲೆನ್ಸನ್ನು ದೇಹದೊಳಗೆ ಮೇಲಿನಿಂದ ಕೆಳಕ್ಕೆ ಮಲಗಿಸಿದರು. ಕ್ಯಾಮೆರಾದ ದಪ್ಪ 20 ಮಿ.ಮೀ.ಗೆ ಇಳಿಯಿತು. 2003ರ ಪೆಂಟಾಕ್ಸ್ ಆಪ್ಟಿಯೊ ಎಸ್‌ನಲ್ಲಿ ಲೆನ್ಸ್ ಮುಚ್ಚಿಕೊಳ್ಳುವಾಗ ಮಧ್ಯದ ಗಾಜುಗಳು ಸಾಲು ಬಿಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಿದ್ದವು. ಎರಡೂ ಜಾಣ ಉಪಾಯಗಳೇ, ಆದರೆ ಚಿಕ್ಕ ಸೆನ್ಸರಿಗೆ ಮಾತ್ರ ಒಗ್ಗಿದವು. ಸೆನ್ಸರ್ ದೊಡ್ಡದಾದರೆ ಪಟ್ಟಕವೂ ಅದಕ್ಕೆ ತಕ್ಕಂತೆ ಬೆಳೆದು, ಉಳಿಸಿದ ಜಾಗವನ್ನೆಲ್ಲ ಅದೇ ನುಂಗಿಬಿಡುತ್ತದೆ. ಆರ್‌ಎಕ್ಸ್1 ಬೇರೆಯೇ ದಾರಿ ಹಿಡಿಯಿತು. ಲೆನ್ಸ್ ಬದಲಿಸುವ ಸೌಲಭ್ಯವನ್ನೇ ಕೈಬಿಟ್ಟು, ಹಿಂಬದಿಯ ಗಾಜನ್ನು ಸೆನ್ಸರಿನ ಸಮೀಪಕ್ಕೆ ತಂದಿತು. ಇಲ್ಲೂ ಕೆಲಸ ಮಾಡಿದ್ದು ತ್ಯಾಗವೇ: ಒಂದೇ ನೋಟಕ್ಕೆ ಬದ್ಧವಾಗಲು ಒಪ್ಪಿದ್ದರಿಂದ ಆ ಗಾತ್ರ ಸಾಧ್ಯವಾಯಿತು.

ಫಿಲ್ಮ್ ಕೊಟ್ಟ ಆಕಾರ, ಕೈ ಉಳಿಸಿಕೊಂಡ ಆಕಾರ

ಅಡ್ಡಲಾಗಿ ಉದ್ದ, ನಡುವೆ ಅಥವಾ ತುಸು ಪಕ್ಕಕ್ಕೆ ಲೆನ್ಸ್, ಬಲಮೇಲ್ತುದಿಯಲ್ಲಿ ಶಟರ್ ಬಟನ್. ಕ್ಯಾಮೆರಾ ಎಂದೊಡನೆ ಮಗುವೂ ಬಿಡಿಸುವ ಈ ಚಿತ್ರದ ಮೂಲ ಜರ್ಮನಿಯ ವೆಟ್ಸ್ಲಾರ್ ಊರಿನಲ್ಲಿದೆ. ಅಲ್ಲಿನ ಲೈಟ್ಸ್ ಕಂಪನಿಯಲ್ಲಿ ದುಡಿಯುತ್ತಿದ್ದ ಆಸ್ಕರ್ ಬಾರ್ನಾಕ್ ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ, ಸಿನಿಮಾಕ್ಕೆಂದು ತಯಾರಾದ 35 ಮಿ.ಮೀ. ಫಿಲ್ಮನ್ನೇ ಸ್ಥಿರಚಿತ್ರಕ್ಕೆ ಬಳಸುವ ಪುಟ್ಟ ಕ್ಯಾಮೆರಾ ಕಟ್ಟಿದರು. ಅದರ ಸುಧಾರಿತ ರೂಪ ಲೈಕಾ ಎಂಬ ಹೆಸರಿನಲ್ಲಿ 1925ರ ಲೈಪ್‌ಜಿಗ್ ಮೇಳದಲ್ಲಿ ಜನರ ಮುಂದೆ ಬಂತು. ಫಿಲ್ಮ್ ಒಂದು ತುದಿಯ ಸುರುಳಿಯಿಂದ ಬಿಚ್ಚಿಕೊಂಡು ಇನ್ನೊಂದು ತುದಿಯ ಸುರುಳಿಗೆ ಸುತ್ತಿಕೊಳ್ಳಬೇಕು. ಹಾಗಾಗಿ ದೇಹ ಅಡ್ಡಕ್ಕೆ ಬೆಳೆಯಿತು. ಎರಡೂ ತುದಿಯ ಸುರುಳಿಗಳು ದುಂಡಗಿದ್ದುದರಿಂದ ದೇಹದ ಕೊನೆಗಳೂ ದುಂಡಗಾದವು. ಲೆನ್ಸನ್ನು ಒಳಕ್ಕೆ ದಬ್ಬಿ ಮುಚ್ಚುವ ಏರ್ಪಾಡು ಇದ್ದುದರಿಂದ ಅದು ಜೇಬಿಗೂ ಹೊಂದಿಕೊಂಡಿತು. ಇಂದು ನೂರು ವರ್ಷ ದಾಟಿದ ಮೇಲೂ ಸೊಗಸು ಎನಿಸುವ ಆ ಬಾಗಿದ ಅಂಚುಗಳು ಹುಟ್ಟಿದ್ದು ಅಲಂಕಾರದ ಆಸೆಯಿಂದಲ್ಲ, ಒಳಗಿನ ಸುರುಳಿಯ ಆಕಾರದಿಂದ.

ಇಲ್ಲಿ ಯಾರಾದರೂ ಕೇಳಬಹುದು: ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮೂ ಇಲ್ಲ, ಸುರುಳಿಯೂ ಇಲ್ಲ. ಆಕಾರವನ್ನು ಹುಟ್ಟಿಸಿದ ಕಾರಣವೇ ಹೋದ ಮೇಲೂ ಅದೇ ಆಕಾರ ಉಳಿದಿರುವುದು ಬರೀ ಹಳೆಯ ರೂಢಿ ಅಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಮತ್ತು ಇದನ್ನು ತಯಾರಕರೇ ಒಮ್ಮೆ ಪರೀಕ್ಷೆಗೆ ಒಡ್ಡಿದ್ದಾರೆ. 1995ರ ಕ್ಯಾಸಿಯೊ ಕ್ಯೂವಿ-10ರಲ್ಲಿ ಲೆನ್ಸ್ ಒಂದು ತುದಿಯಲ್ಲಿದ್ದು ತಿರುಗುತ್ತಿತ್ತು. 1999ರ ನಿಕಾನ್ ಕೂಲ್‌ಪಿಕ್ಸ್ 950 ನಡುವೆಯೇ ಎರಡು ತುಂಡಾಗಿ ತಿರುಚಿಕೊಳ್ಳುತ್ತಿತ್ತು. ಅದೇ ವರ್ಷದ ಸೋನಿ ಎಫ್505ರಲ್ಲಿ ದೊಡ್ಡ ಲೆನ್ಸಿಗೆ ಚಿಕ್ಕ ದೇಹವೊಂದನ್ನು ಅಂಟಿಸಿದಂತಿತ್ತು. ಫಿಲ್ಮಿನ ಹಂಗು ಹರಿದ ಮೊದಲ ದಿನಗಳಲ್ಲಿ ವಿನ್ಯಾಸಕಾರರು ಸ್ವಾತಂತ್ರ್ಯವನ್ನು ಮನಸಾರೆ ಬಳಸಿದರು. ಆದರೂ ಕೆಲವೇ ವರ್ಷಗಳಲ್ಲಿ ಬಹುತೇಕ ಕ್ಯಾಮೆರಾಗಳು ಹಳೆಯ ಅಡ್ಡ ಆಕಾರಕ್ಕೇ ಮರಳಿದವು. ಹಿಂದೆ ಪರದೆ, ಮುಂದೆ ಲೆನ್ಸ್, ಪಕ್ಕದಲ್ಲಿ ಹಿಡಿಯಲು ಜಾಗ ಎಂಬ ಮೂರನ್ನೂ ಅಲುಗಾಡದೆ ನಿಭಾಯಿಸುವ ಸರಳ ದಾರಿ ಅದೇ ಆಗಿತ್ತು. ಫಿಲ್ಮ್ ಕೊಟ್ಟ ಆಕಾರವನ್ನು ಫಿಲ್ಮ್ ಹೋದ ಮೇಲೆ ಕೈ ಉಳಿಸಿಕೊಂಡಿತು. ಕಾರಣ ಬದಲಾಯಿತೇ ವಿನಾ ಕಾರಣವಿಲ್ಲದೆ ಆಕಾರ ಉಳಿಯಲಿಲ್ಲ.

ಹೊದಿಕೆಯೇ ಸ್ವಿಚ್ಚಾದಾಗ

ಒಂದು ವಸ್ತುವನ್ನು ಚಿಕ್ಕದು ಮಾಡುವುದೆಂದರೆ ಭಾಗಗಳನ್ನು ಕುಗ್ಗಿಸುವುದಷ್ಟೇ ಎಂದುಕೊಂಡರೆ ಯೊಶಿಹಿಸಾ ಮೈತಾನಿಯವರ ಕೆಲಸ ಅರ್ಥವಾಗದು. ಒಲಿಂಪಸ್ ಕಂಪನಿಯ ಈ ವಿನ್ಯಾಸಕಾರ ಮೊದಲು ಹೆಸರು ಮಾಡಿದ್ದು 1959ರ ಪೆನ್ ಕ್ಯಾಮೆರಾದಿಂದ. ಒಂದು ಚಿತ್ರಕ್ಕೆ ಫಿಲ್ಮಿನ ಅರ್ಧ ಚೌಕವನ್ನಷ್ಟೇ ಬಳಸಿ ಯಂತ್ರವನ್ನು ಕಿರಿದುಗೊಳಿಸಿದ ಕ್ಯಾಮೆರಾ ಅದು. ಇಪ್ಪತ್ತು ವರ್ಷದ ನಂತರ, 1979ರಲ್ಲಿ, ಅವರು ಪೂರ್ಣ ಚೌಕದ ಎಕ್ಸ್‌ಎ ತಂದರು. ಅವರು ಹಿಡಿದ ಸಮಸ್ಯೆ ಸರಳವಾಗಿತ್ತು: ಕ್ಯಾಮೆರಾ ಎಷ್ಟೇ ಚಿಕ್ಕದಾದರೂ ಅದಕ್ಕೊಂದು ಚರ್ಮದ ಚೀಲ, ಲೆನ್ಸಿಗೊಂದು ಮುಚ್ಚಳ ಬೇಕಾಗುತ್ತಿತ್ತು. ಚೀಲದಿಂದ ತೆಗೆದು, ಮುಚ್ಚಳ ಕಳಚಿ, ಕಣ್ಣಿಗಿಡುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತಿತ್ತು. ಎಕ್ಸ್‌ಎಯ ಮುಂಭಾಗದಲ್ಲಿ ಪಕ್ಕಕ್ಕೆ ಸರಿಯುವ ಒಂದು ಚಿಪ್ಪಿದೆ. ಅದನ್ನು ಮುಚ್ಚಿದರೆ ಲೆನ್ಸ್ ಮತ್ತು ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಎರಡಕ್ಕೂ ರಕ್ಷಣೆ. ಸರಿಸಿದರೆ ಕ್ಯಾಮೆರಾ ಸಿದ್ಧ. ಮುಚ್ಚಳ, ಚೀಲ, ಸ್ವಿಚ್ಚು ಎಂಬ ಮೂರು ವಸ್ತುಗಳ ಕೆಲಸವನ್ನು ಒಂದೇ ಚಿಪ್ಪು ವಹಿಸಿಕೊಂಡಿತು.

ಆ ಚಿಪ್ಪು ನಯವಾಗಿ ಸರಿಯಬೇಕಾದರೆ ಲೆನ್ಸ್ ಹೊರಗೆ ಚಾಚಿರಕೂಡದು. ಹಾಗಾಗಿ 35 ಮಿ.ಮೀ. ಲೆನ್ಸನ್ನು ಅದರ ಸಂಗಮ ದೂರಕ್ಕಿಂತಲೂ ಕಡಿಮೆ ಆಳದಲ್ಲಿ ಕೂರುವಂತೆ ರಚಿಸಲಾಯಿತು. ಫೋಕಸ್ ಮಾಡುವಾಗಲೂ ಒಳಗಿನ ಗಾಜಷ್ಟೇ ಚಲಿಸುತ್ತಿತ್ತು. ನಮ್ಮ ವಾದಕ್ಕೆ ಇದು ಗಟ್ಟಿಯಾದ ಸಾಕ್ಷಿ. ಇಲ್ಲಿ ಗಾಜಿನ ಲೆಕ್ಕ ಮೊದಲು ಮುಗಿದು ಹೊದಿಕೆ ಆಮೇಲೆ ಬರಲಿಲ್ಲ. ಬೀದಿಯಲ್ಲಿ ನಿಂತವನ ಕೈಗೆ ಏನು ಬೇಕು ಎಂಬ ಪ್ರಶ್ನೆಯಿಂದ ಚಿಪ್ಪು ಹುಟ್ಟಿತು, ಚಿಪ್ಪಿಗೆ ಒಪ್ಪುವ ಗಾಜನ್ನು ಆಮೇಲೆ ಹುಡುಕಲಾಯಿತು. ಹೊರಗಿನ ರೂಪ ಒಳಗಿನ ಯಂತ್ರಕ್ಕೆ ಹೀಗೆ ಆಜ್ಞೆ ಮಾಡಬಲ್ಲದು. ಗಾಜು ರೂಪವನ್ನು ಎಳೆಯುತ್ತದೆ, ರೂಪ ಗಾಜನ್ನು ಎಳೆಯುತ್ತದೆ. ಎರಡೂ ಒಂದು ಬಿಂದುವಿನಲ್ಲಿ ನಿಂತಾಗ ಒಳ್ಳೆಯ ಕ್ಯಾಮೆರಾ ಹುಟ್ಟುತ್ತದೆ.

ಸೋನಿಯ ನುಣುಪು, ರಿಕೋದ ಹಿಡಿತ

ಮಿತಿಗಳೇ ರೂಪವನ್ನು ನಿರ್ಧರಿಸುವುದಾದರೆ ಎಲ್ಲ ಚಿಕ್ಕ ಕ್ಯಾಮೆರಾಗಳೂ ಒಂದೇ ಥರ ಕಾಣಬೇಕಿತ್ತಲ್ಲವೇ, ವಿನ್ಯಾಸಕಾರರಿಗೆ ಮಾಡಲು ಏನು ಉಳಿಯಿತು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಸೋನಿ ಆರ್‌ಎಕ್ಸ್100 ಮತ್ತು ರಿಕೋ ಜಿಆರ್ ಒಟ್ಟಿಗೇ ಉತ್ತರ ಕೊಡುತ್ತವೆ. ಎರಡೂ ಜಪಾನಿನವು, ಎರಡೂ ಜೇಬಿಗೆ ಹಿಡಿಯುವಂಥವು, ತೂಕವೂ ಹೆಚ್ಚುಕಡಿಮೆ ಸಮ. ಆದರೆ ಅವು ತ್ಯಾಗ ಮಾಡಿದ್ದು ಬೇರೆ ಬೇರೆ ವಸ್ತುಗಳನ್ನು; ಚಹರೆಗಳು ಬೇರೆಯಾದದ್ದೂ ಅದಕ್ಕೇ.

ಮೊದಲ ಆರ್‌ಎಕ್ಸ್100 ಸುಮಾರು 10 ಸೆಂ.ಮೀ. ಅಗಲ, 240 ಗ್ರಾಂ ತೂಕದ ಅಲ್ಯೂಮಿನಿಯಂ ದೇಹ. ಅಷ್ಟರಲ್ಲೇ ದೂರದ್ದನ್ನು ಹತ್ತಿರ ತರುವ ಜೂಮ್ ಲೆನ್ಸನ್ನೂ, ಹಿಂದಿನ ಪುಟ್ಟ ಕ್ಯಾಮೆರಾಗಳಿಗಿಂತ ನಾಲ್ಕು ಪಟ್ಟು ದೊಡ್ಡ ಸೆನ್ಸರನ್ನೂ ಅದು ಒಳಗೊಂಡಿತ್ತು. ಅದರ ಮುಂಭಾಗ ಪೂರ್ತಿ ನುಣುಪು: ಉಬ್ಬಿಲ್ಲ, ರಬ್ಬರಿಲ್ಲ, ಹಿಡಿಕೆ ಇಲ್ಲ. ಲೆನ್ಸಿನ ಸುತ್ತ ತಿರುಗುವ ಉಂಗುರವೊಂದಿದ್ದು, ಜೂಮ್, ಅಪರ್ಚರ್, ಫೋಕಸ್ ಹೀಗೆ ಬೇಕಾದ ಕೆಲಸವನ್ನು ಅದಕ್ಕೆ ಒಪ್ಪಿಸಬಹುದಿತ್ತು. ಹತ್ತಾರು ಗುಂಡಿಗಳನ್ನು ಹರಡುವ ಬದಲು ಒಂದೇ ಉಂಗುರಕ್ಕೆ ಹಲವು ಕೆಲಸ ಹಚ್ಚಿದ ಈ ನಿರ್ಧಾರವೇ ಮುಂಭಾಗವನ್ನು ಶಾಂತವಾಗಿ ಇಟ್ಟಿತು. ಆದರೆ ನುಣುಪಿಗೂ ಬೆಲೆ ಇತ್ತು. ಹಿಡಿದ ಕೈ ಜಾರುತ್ತದೆ ಎಂಬ ದೂರು ಬಂತು. ಮುಂದೆ ಅಂಟಿಸಿಕೊಳ್ಳುವ ಹಿಡಿಕೆಯನ್ನು ಸೋನಿಯೇ ಪ್ರತ್ಯೇಕವಾಗಿ ಮಾರಿತು. 2014ರ ಮೂರನೆಯ ಮಾದರಿಯಲ್ಲಿ, ಒತ್ತಿದರೆ ಮೇಲೆದ್ದು ಬರುವ ವ್ಯೂಫೈಂಡರ್ ಸೇರಿತು. ಅದಕ್ಕೆ ಜಾಗ ಮಾಡಲು, ಎರಡನೆಯ ಮಾದರಿಯಲ್ಲಿದ್ದ ಹೊರಗಿನ ಫ್ಲಾಷ್ ಕೂರಿಸುವ ಜಾಗವನ್ನು ಬಿಟ್ಟುಕೊಡಬೇಕಾಯಿತು. ಒಂದು ಒಳಬಂದರೆ ಇನ್ನೊಂದು ಹೊರಹೋಗಲೇಬೇಕು; ಈ ಗಾತ್ರದಲ್ಲಿ ಬಿಟ್ಟಿ ಸಿಗುವ ಸೌಲಭ್ಯ ಯಾವುದೂ ಇಲ್ಲ.

ರಿಕೋ ಹಿಡಿದದ್ದು ತದ್ವಿರುದ್ಧ ದಿಕ್ಕು. ಜಿಆರ್ ಸಾಲಿನ ಮೂಲಪುರುಷ 1996ರ ಜಿಆರ್1 ಎಂಬ ಫಿಲ್ಮ್ ಕ್ಯಾಮೆರಾ. ಮೆಗ್ನೀಸಿಯಂ ಮಿಶ್ರಲೋಹದ ದೇಹ, ಹಿಡಿಕೆಯ ಭಾಗ ಬಿಟ್ಟರೆ ದಪ್ಪ ಕೇವಲ 26.5 ಮಿ.ಮೀ. ಬಲಗೈಯ ಕಡೆ ಮಾತ್ರ ದೇಹ ಉಬ್ಬಿ ಹಿಡಿಕೆಯಾಗಿತ್ತು. 2005ರಲ್ಲಿ ಡಿಜಿಟಲ್ ಆಗಿ, 2013ರಲ್ಲಿ ದೊಡ್ಡ ಸೆನ್ಸರ್ ಪಡೆದು, 2019ರಲ್ಲಿ ಮೂರನೆಯ ಮಾದರಿಗೆ ಬಂದರೂ ಆ ಕಪ್ಪು ಚಹರೆ ಹೆಚ್ಚುಕಡಿಮೆ ಹಾಗೇ ಇದೆ. ಡಿಜಿಟಲ್ ಜಿಆರ್‌ಗೆ ಜೂಮ್ ಇಲ್ಲ, ವ್ಯೂಫೈಂಡರ್ ಇಲ್ಲ. ಮೂರನೆಯ ಮಾದರಿಯಲ್ಲಿ ಒಳಗಿನ ಫ್ಲಾಷನ್ನೂ ತೆಗೆದುಹಾಕಿದರು. ಅಗಲ 117ರಿಂದ 109.4 ಮಿ.ಮೀ.ಗೆ ಇಳಿಯಿತು, ಕೈನಡುಕ ತಡೆಯಲು ಸೆನ್ಸರನ್ನೇ ಅಲುಗಿಸುವ ವ್ಯವಸ್ಥೆ ಒಳಸೇರಿತು. ಒಮ್ಮೆ ಚಾರ್ಜ್ ಮಾಡಿದರೆ ಸಿಗುವ ಚಿತ್ರಗಳ ಅಂದಾಜು 320ರಿಂದ 200ಕ್ಕೆ ಕುಸಿಯಿತು. ಇಷ್ಟೆಲ್ಲ ಬಿಟ್ಟುಕೊಟ್ಟರೂ ಒಂದನ್ನು ಮಾತ್ರ ರಿಕೋ ಬಿಡಲಿಲ್ಲ: ಒಂದೇ ಕೈಯಲ್ಲಿ ತೆಗೆದು, ತೆರೆದು, ಚಿತ್ರ ಹಿಡಿದು, ಮತ್ತೆ ಜೇಬಿಗೆ ಹಾಕುವ ಸಾಧ್ಯತೆ. ಟೋಕಿಯೊದ ಬೀದಿಗಳನ್ನು ದಶಕಗಳ ಕಾಲ ಸೆರೆಹಿಡಿದ ದೈದೊ ಮೊರಿಯಾಮ ಅವರಂಥ ಛಾಯಾಗ್ರಾಹಕರು ಈ ಸಾಲಿನ ಕ್ಯಾಮೆರಾಗಳನ್ನು ನೆಚ್ಚಿಕೊಂಡಿದ್ದು ಇದೇ ಗುಣಕ್ಕೆ. ಎದುರಿನವರ ಗಮನ ಸೆಳೆಯದ ಕಪ್ಪು ಬಣ್ಣವೂ, ಹೊಳೆಯುವ ಹೆಸರುಫಲಕ ಇಲ್ಲದ ಮುಂಭಾಗವೂ ಆ ಕೆಲಸದ ಅಗತ್ಯಗಳೇ.

ಮಾದರಿಗಳ ಮೇಜಿನಲ್ಲಿ

ಇಂಥ ನಿರ್ಧಾರಗಳು ಕಂಪ್ಯೂಟರ್ ಪರದೆಯ ಮೇಲಷ್ಟೇ ಆಗುವುದಿಲ್ಲ. ಮೊದಲು ಕಾಗದದ ಮೇಲೆ ಗೆರೆಗಳು, ಆಮೇಲೆ ಗಟ್ಟಿ ಫೋಮ್ ಅಥವಾ ಜೇಡಿಯಲ್ಲಿ ಕೆತ್ತಿದ ಮಾದರಿಗಳು, ನಂತರ ಕಂಪ್ಯೂಟರಿನ ಮೂರು ಆಯಾಮದ ನಕ್ಷೆ, ಅದರಿಂದ ಮುದ್ರಿಸಿದ ಹೊಸ ಮಾದರಿ. ಗೆರೆಯಲ್ಲಿ ಚೆಂದ ಕಂಡ ಅಂಚು ಹಿಡಿದಾಗ ಅಂಗೈಗೆ ಒತ್ತಬಹುದು; ಖಾಲಿ ಮಾದರಿಯಲ್ಲಿ ಹಗುರವೆನಿಸಿದ ಹಿಡಿತ, ನಿಜವಾದ ತೂಕ ತುಂಬಿದಾಗ ಮುಂದಕ್ಕೆ ವಾಲಬಹುದು. ಆದ್ದರಿಂದ ಕೈ ಒಪ್ಪುವವರೆಗೆ ಮಾದರಿಯನ್ನು ತಿದ್ದುತ್ತಲೇ ಇರಬೇಕು. ಅತ್ತ ಎಂಜಿನಿಯರುಗಳ ಬಳಿ ಒಳಾಂಗಗಳ ನಕ್ಷೆ ಇರುತ್ತದೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಮಂಚ ಸರಿಸಿದರೆ ಬೀರುವಿನ ಬಾಗಿಲು ತೆರೆಯದಂತೆ, ಇಲ್ಲಿ ಹೆಬ್ಬೆರಳಿಗೆ ಒಂದು ಮಿಲಿಮೀಟರ್ ಜಾಗ ಕೊಟ್ಟರೆ ಪರದೆ ಕಿರಿದಾಗುತ್ತದೆ, ಪರದೆ ಹಿಗ್ಗಿಸಿದರೆ ಗುಂಡಿಗಳು ಮೂಲೆಗೆ ಸರಿಯುತ್ತವೆ.

ಲೋಹದ ಆಯ್ಕೆಯಲ್ಲೂ ಇದೇ ಜಗ್ಗಾಟ. ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಗಿದರೆ ಮೆಗ್ನೀಸಿಯಂ 1.7 ಗ್ರಾಂ ಮಾತ್ರ, ಟೈಟಾನಿಯಂ 4.5 ಗ್ರಾಂ. ಅಲ್ಯೂಮಿನಿಯಂ ಮೇಲೆ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಗಟ್ಟಿ ಪದರವನ್ನು ಬೆಳೆಸಿ ಅದಕ್ಕೇ ಬಣ್ಣ ಕೊಡಬಹುದು. ಹಾಗಾಗಿ ಲೋಹದ ಮಿನುಗು ಹಾಗೇ ಕಾಣುತ್ತದೆ. ಮೆಗ್ನೀಸಿಯಂ ಬೇಗ ಕೊರೆತಕ್ಕೆ ತುತ್ತಾಗುವುದರಿಂದ ಅದನ್ನು ಬಣ್ಣದ ಪದರದಿಂದ ಮುಚ್ಚಲೇಬೇಕು. ಹಾಗಾಗಿ ಅದರ ಮೈ ಮಂಕಾಗಿ, ತುಸು ಒರಟಾಗಿ ತೋರುತ್ತದೆ. 1990ರ ಕಾಂಟಾಕ್ಸ್ ಟಿ2 ತೂಕವನ್ನು ಲೆಕ್ಕಿಸದೆ ಟೈಟಾನಿಯಂ ತೊಟ್ಟು, ಗಟ್ಟಿತನವನ್ನೇ ತನ್ನ ಗುರುತಾಗಿಸಿಕೊಂಡಿತು. ಇಂದಿನ ಕ್ಯಾಮೆರಾಗಳಿಗೆ ಇನ್ನೂ ಎರಡು ಚಿಂತೆಗಳಿವೆ. ವಿಡಿಯೊ ಹಿಡಿಯುವಾಗ ಸೆನ್ಸರ್ ಮತ್ತು ಚಿಪ್ ಕಾಯುತ್ತವೆ. ಆ ಬಿಸಿ ಹೊರಹೋಗಲು ಲೋಹದ ಮೈಯೇ ದಾರಿ. ಆದರೆ ಫೋನಿಗೆ ಚಿತ್ರ ಕಳುಹಿಸುವ ರೇಡಿಯೊ ಅಲೆಗಳನ್ನು ಅದೇ ಲೋಹ ತಡೆಯುತ್ತದೆ; ಅವುಗಳಿಗಾಗಿ ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ಕಿನ ಕಿಂಡಿ ಬೇಕು. ಆ ಕಿಂಡಿ ಕಣ್ಣಿಗೆ ಬೀಳದಂತೆ ಇಡೀ ಮೈಯನ್ನು ಒಂದೇ ಬಣ್ಣ, ಒಂದೇ ಒರಟಿನಲ್ಲಿ ಹೊಂದಿಸುವುದು ವಿನ್ಯಾಸಕಾರರ ಹೊಣೆ.

ಹಳೆಯ ವೇಷದ ಆಕ್ಷೇಪ

ಈವರೆಗಿನ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪದ ಹೆಸರು ಎಕ್ಸ್100. 2010ರಲ್ಲಿ ಜರ್ಮನಿಯ ಫೋಟೋಕಿನಾ ಮೇಳದಲ್ಲಿ ಫ್ಯೂಜಿಫಿಲ್ಮ್ ಇದನ್ನು ತೋರಿಸಿದಾಗ ಜನ ಬೆರಗಾದದ್ದು ಅದರ ಹಳೆಯ ಕಾಲದ ಚಹರೆಗೆ: ಬೆಳ್ಳಿ ಬಣ್ಣದ ಮೇಲ್ಭಾಗ, ಚರ್ಮವನ್ನು ನೆನಪಿಸುವ ಹೊದಿಕೆ, ಗೀರು ಕೆತ್ತಿದ ಲೋಹದ ಡಯಲ್‌ಗಳು. ಒಳಗೆ ಡಿಜಿಟಲ್ ಸೆನ್ಸರ್, ಹೊರಗೆ ಅಜ್ಜನ ಕಾಲದ ಫಿಲ್ಮ್ ಕ್ಯಾಮೆರಾದ ವೇಷ. ರೂಪವೆಂದರೆ ಒಳಗಿನ ತೀರ್ಮಾನಗಳ ಗುರುತು ಎಂದಾದರೆ ಇದನ್ನು ಏನೆನ್ನಬೇಕು? ಇದು ಶುದ್ಧ ಹಳಹಳಿಕೆಯ ಮಾರಾಟವಲ್ಲವೇ?

ಆಕ್ಷೇಪದ ಒಂದು ಭಾಗವನ್ನು ಒಪ್ಪಲೇಬೇಕು. ಚರ್ಮದಂಥ ಗೀರುಗಳಿಂದ ಹಿಡಿತ ಒಂದಿಷ್ಟು ಬಿಗಿಯಾದೀತು, ಆದರೆ ಬೆಳ್ಳಿ ಬಣ್ಣದಿಂದ ಚಿತ್ರಕ್ಕೇನೂ ಲಾಭವಿಲ್ಲ. ಆ ಭಾಗ ಆಕರ್ಷಣೆಗೆಂದೇ ಇದೆ. ಆದರೆ ಡಯಲ್‌ಗಳ ವಿಷಯ ಬೇರೆ. ಶಟರ್ ವೇಗ ಮೇಲಿನ ಡಯಲ್‌ನಲ್ಲಿ, ಅಪರ್ಚರ್ ಲೆನ್ಸಿನ ಉಂಗುರದಲ್ಲಿ, ಚಿತ್ರವನ್ನು ತಿಳಿಯಾಗಿಸುವ ಅಥವಾ ಗಾಢವಾಗಿಸುವ ಹೊಂದಿಕೆ ಇನ್ನೊಂದು ಡಯಲ್‌ನಲ್ಲಿ. ಕ್ಯಾಮೆರಾ ಆಫ್ ಆಗಿರುವಾಗಲೇ ಈ ಮೂರೂ ಹೊಂದಿಕೆಗಳನ್ನು ಒಂದು ನೋಟದಲ್ಲಿ ಓದಬಹುದು, ಬದಲಿಸಬಹುದು. ಪರದೆಯ ಮೆನುವಿನಲ್ಲಿ ಅದೇ ಕೆಲಸಕ್ಕೆ ಮೊದಲು ಕ್ಯಾಮೆರಾ ಎಚ್ಚರವಾಗಬೇಕು, ಆಮೇಲೆ ಕಣ್ಣು ದೃಶ್ಯ ಬಿಟ್ಟು ಪರದೆಗೆ ಇಳಿಯಬೇಕು. ಕಣ್ಣನ್ನು ದೃಶ್ಯದಲ್ಲೇ ಉಳಿಸಬೇಕು ಎಂಬ ಇದೇ ನಿಲುವಿನಿಂದ, ಗಾಜಿನ ಮೂಲಕ ನೇರ ದೃಶ್ಯವನ್ನೂ ಎಲೆಕ್ಟ್ರಾನಿಕ್ ಚಿತ್ರವನ್ನೂ ತೋರಿಸಬಲ್ಲ ಮಿಶ್ರ ವ್ಯೂಫೈಂಡರ್ ಎಕ್ಸ್100ರಲ್ಲಿ ಬಂತು. ಅದಕ್ಕೆ ಜಾಗ ಬೇಕಾದ್ದರಿಂದ ಕ್ಯಾಮೆರಾ ಎತ್ತರಕ್ಕೂ ಅಗಲಕ್ಕೂ ಬೆಳೆಯಿತು, ಪ್ಯಾಂಟಿನ ಜೇಬನ್ನು ಕಳೆದುಕೊಂಡಿತು. ಅದರ ಮತ್ತು ಜಿಆರ್‌ನ ಸೆನ್ಸರ್ ಒಂದೇ ವರ್ಗದ್ದು. ಒಂದು ಕಣ್ಣಿಗಾಗಿ ಜೇಬನ್ನು ಬಿಟ್ಟಿತು, ಇನ್ನೊಂದು ಜೇಬಿಗಾಗಿ ವ್ಯೂಫೈಂಡರ್ ಬಿಟ್ಟಿತು. ಹಳೆಯ ವೇಷದ ಅಡಿಯಲ್ಲೂ ಕೆಲಸ ಮಾಡಿದ್ದು ತ್ಯಾಗದ ಲೆಕ್ಕವೇ. ವೇಷ ಮಾತ್ರ ಇದ್ದು ಲೆಕ್ಕ ಇಲ್ಲದ ಕ್ಯಾಮೆರಾಗಳೂ ಬಂದಿವೆ. ಒಂದೆರಡು ವರ್ಷದಲ್ಲೇ ಜನ ಅವನ್ನು ಮರೆತಿದ್ದಾರೆ. ಎಕ್ಸ್100ರ ಸಾಲು ಮಾತ್ರ 2024ರ ಆರನೆಯ ಮಾದರಿವರೆಗೂ ಅದೇ ಮೂಲ ರೂಪದಲ್ಲಿ ನಡೆದುಬಂದಿದೆ.

ಫೋನ್ ಇರುವಾಗ ಇದೇಕೆ?

ಇನ್ನು ಎಲ್ಲರ ನಾಲಿಗೆಯ ತುದಿಯಲ್ಲಿರುವ ಪ್ರಶ್ನೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘಟನೆ ಸಿಪಾ ನೀಡುವ ಅಂಕಿಗಳ ಪ್ರಕಾರ, ಲೆನ್ಸ್ ಒಳಗೇ ಇರುವ ಡಿಜಿಟಲ್ ಕ್ಯಾಮೆರಾಗಳು 2010ರಲ್ಲಿ 10 ಕೋಟಿಗೂ ಹೆಚ್ಚು ಸಾಗಣೆಯಾಗಿದ್ದವು. 2023ರಲ್ಲಿ ಆ ಸಂಖ್ಯೆ 17 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಸ್ಮಾರ್ಟ್‌ಫೋನ್ ಈ ಉದ್ಯಮವನ್ನು ಬಹುಪಾಲು ನುಂಗಿತು. ಹೀಗಿರುವಾಗ ಉಳಿದ ಚೂರಿನ ರೂಪದ ಬಗ್ಗೆ ಇಷ್ಟು ಚರ್ಚೆ ಬೇಕೇ?

ಬೇಕು, ಏಕೆಂದರೆ ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬುದೇ ಇಲ್ಲಿ ಪಾಠ. ಫೋನಿನಷ್ಟೇ ಚಿತ್ರ ಕೊಟ್ಟು, ಫೋನಿನಂತೆಯೇ ಪರದೆಯ ಹಿಂದೆ ಅವಿತಿದ್ದ ಸಾಮಾನ್ಯ ಕಾಂಪ್ಯಾಕ್ಟ್‌ಗಳು ಬಹುಪಾಲು ಅಳಿದವು. ಫೋನಿನ ಆಕಾರ ಹುಟ್ಟಿದ್ದು ಓದಲು, ಬೆರಳಾಡಿಸಲು; ಅದೊಂದು ಚಪ್ಪಟೆ ಗಾಜಿನ ಹಲಗೆ. ಅದರಲ್ಲಿ ತೋರುಬೆರಳಿಗೆ ನೆಲೆಯಿಲ್ಲ, ಅಂಗೈಗೆ ಉಬ್ಬಿಲ್ಲ. ಅದರ ಸೆನ್ಸರನ್ನು ಬೆಳೆಸಲು ಹೊರಟರೆ ಹಿಂಬದಿಯ ಲೆನ್ಸ್ ದಿಬ್ಬ ಏಳುತ್ತಲೇ ಹೋಗುತ್ತದೆ. ಅದೂ ಗಾಜಿನ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. ಚಿತ್ರ ತೆಗೆಯುವುದೊಂದೇ ತನ್ನ ಕೆಲಸ ಎಂದು ಇಡೀ ಮೈಯಿಂದ ಸಾರುವ ಕ್ಯಾಮೆರಾಗಳು ಇಂದೂ ಬೇಡಿಕೆ ಉಳಿಸಿಕೊಂಡಿವೆ. 2024ರಲ್ಲಿ ಕಾಂಪ್ಯಾಕ್ಟ್‌ಗಳ ಸಾಗಣೆ ತುಸು ಏರಿತು ಕೂಡ. ಸಾಮರ್ಥ್ಯದ ಅಂಕಿಗಳಲ್ಲಿ ಫೋನ್ ಹತ್ತಿರ ಬಂದಷ್ಟೂ ಕ್ಯಾಮೆರಾ ಬೇರೆಯಾಗಿ ನಿಲ್ಲುವುದು ಅದರ ರೂಪದಿಂದಲೇ.

ಹಾಗೆಂದು ಈ ಚಿಕ್ಕ ದೇಹಗಳನ್ನು ಕಣ್ಣುಮುಚ್ಚಿ ಮೆಚ್ಚಬೇಕಿಲ್ಲ. ಒಳಹೊರಗೆ ಸರಿಯುವ ಲೆನ್ಸ್ ಪ್ರತಿ ಸಲ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಜೊತೆಗೆ ದೂಳೂ ಸೆನ್ಸರ್ ಮೇಲೆ ಕೂರಬಹುದು. ಲೆನ್ಸ್ ಕಳಚಲಾಗದ್ದರಿಂದ ಬಳಸುವವರೇ ಅದನ್ನು ಒರೆಸುವಂತಿಲ್ಲ, ರಿಪೇರಿ ಕೇಂದ್ರಕ್ಕೇ ಒಯ್ಯಬೇಕು. ಕೆಲವು ಮಾದರಿಗಳ ಬೆಲೆ ಭಾರತದಲ್ಲಿ ಒಂದು ಲಕ್ಷ ರೂಪಾಯಿ ದಾಟುತ್ತದೆ. ಅಷ್ಟು ಕೊಟ್ಟವರಿಗೆ ರಿಪೇರಿಯ ಸುಲಭವೂ ಸಿಗಬೇಕು. ಜೇಬಿನ ಹೆಸರಿನಲ್ಲಿ ಬಹಳ ಕಾಲ ಬಲಿಯಾಗಿರುವುದು ಇದೇ. ಮುಂದಿನ ತಲೆಮಾರಿನ ವಿನ್ಯಾಸಕಾರರು ದೂಳು ತಡೆಯುವ ಅಂಚನ್ನೂ ಸಲೀಸಾಗಿ ಬಿಚ್ಚಬಲ್ಲ ದೇಹವನ್ನೂ ಅಂದದ ಭಾಗವೆಂದೇ ಎಣಿಸಬೇಕು.

ಕೊಳ್ಳುವವರಿಗೊಂದು ಮಾತು

ಹೀಗಾಗಿ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಸಂಖ್ಯೆ ಓದುವ ಮೊದಲು ಕ್ಯಾಮೆರಾವನ್ನು ಕೈಗೆ ತೆಗೆದುಕೊಳ್ಳಿ. ಒಂದೇ ಕೈಯಲ್ಲಿ ಆನ್ ಮಾಡಿ ನೋಡಿ. ಕಣ್ಣು ಎದುರಿನ ದೃಶ್ಯದಲ್ಲೇ ಇರುವಾಗ ಬೆರಳಿಗೆ ಶಟರ್ ಬಟನ್ ಸಿಗುತ್ತದೆಯೇ ಗಮನಿಸಿ. ಮಂಗಳೂರಿನ ಸೆಕೆಯಲ್ಲಿ ಬೆವರಿದ ಕೈಗೆ ಆ ನುಣುಪು ನಿಲ್ಲುತ್ತದೆಯೇ, ಕಲಬುರಗಿಯ ಬಿಸಿಲಲ್ಲಿ ಹಿಂಬದಿಯ ಪರದೆ ಕಾಣುತ್ತದೆಯೇ ಅಥವಾ ವ್ಯೂಫೈಂಡರ್ ಬೇಕೇಬೇಕೇ ಎಂದು ಯೋಚಿಸಿ. ಟೋಕಿಯೊದಲ್ಲಿ ಮಾಡಿದ ತೀರ್ಮಾನ ನಿಮ್ಮ ಊರಿಗೂ ಒಪ್ಪಬೇಕೆಂದೇನೂ ಇಲ್ಲ. ಈ ಕ್ಯಾಮೆರಾ ಏನನ್ನು ಬಿಟ್ಟಿದೆ ಎಂದು ಕೇಳಿ, ಅದು ನಿಮಗೂ ಬೇಡವಾದದ್ದೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎರಡಕ್ಕೂ ಉತ್ತರ ಹೊಂದಿದರೆ ಆ ಕ್ಯಾಮೆರಾ ನಿಮ್ಮದು. ಹೊಂದದಿದ್ದರೆ ಅದು ಎಷ್ಟೇ ಚೆಂದವಿದ್ದರೂ ಕೊಳ್ಳಬೇಡಿ.